ಮಿಸ್, ಒಂದು ಪ್ರಶ್ನೆ: ಬಿಟ್ಟ ಮೆಟ್ಟಿಲಿನಿಂದಲೇ ಶುರು

ಈ ತಿಂಗಳು ಬಂದ ಪತ್ರಗಳು ಬೇರೆ ಬೇರೆ ಊರಿನವು. ಕಷ್ಟಗಳೂ ಬೇರೆ. ಆದರೆ ಓದುತ್ತಾ ಹೋದಂತೆ ಬರೆದವರೆಲ್ಲ ಒಂದೇ ಚಾಪೆಯ ಮೇಲೆ ಕೂತ ಮಕ್ಕಳ ಹಾಗೆ ಕಂಡರು. ಚಿಕ್ಕಂದಿನಲ್ಲಿ ಕಲಿತು ಕಳೆದುಕೊಂಡದ್ದನ್ನು, ಇಲ್ಲವೇ ಆಗ ಕಲಿಯದೇ ಬಿಟ್ಟದ್ದನ್ನು, ಈ ವಯಸ್ಸಿನಲ್ಲಿ ಕಲಿಯೋದು ಹೇಗೆ ಅಂತ ಕೇಳಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಹೊಸ ಓದುಗರಿಗೆ ಎರಡು ಮಾತು. ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 28 ವರ್ಷ ಟೀಚರ್ ಆಗಿದ್ದೆ. ಜಾಸ್ತಿ ಕಾಲ ಕಳೆದದ್ದು ಒಂದರಿಂದ ಮೂರನೇ ತರಗತಿಯ ಮಕ್ಕಳ ಜೊತೆ. 2019ರಲ್ಲಿ, ನನಗೆ 54 ವರ್ಷ ಆಗಿದ್ದಾಗ, ಸ್ಟ್ರೋಕ್, ಅಂದರೆ ಲಕ್ವ, ಆಯಿತು. ಬಲಗೈ ಸ್ವಾಧೀನ ತಪ್ಪಿತು. ಮಾತೂ ಹೋಯಿತು. ಸ್ವಯಂ ನಿವೃತ್ತಿ ತೆಗೆದುಕೊಂಡೆ. ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವಳು ನಾನೇ ಅಕ್ಷರ ಕಲಿಯಲು ಕೂತೆ. ಈಗ ಮೈಸೂರಿನಲ್ಲಿದ್ದೇನೆ. ಈ ಅಂಕಣವನ್ನು ಎಡಗೈಯಲ್ಲಿ ಬರೆಯುತ್ತೇನೆ.

ಪ್ರಶ್ನೆ: ಮೇಡಂ, ನಮ್ಮಪ್ಪನಿಗೆ 62 ವರ್ಷ. ದಿನಸಿ ಅಂಗಡಿ ನಡೆಸುತ್ತಿದ್ದರು. ಐದು ತಿಂಗಳ ಹಿಂದೆ ಲಕ್ವ ಹೊಡೆಯಿತು. ಬಲಗಡೆ ಕೈಕಾಲಿನಲ್ಲಿ ಶಕ್ತಿ ಇಲ್ಲ. ಯಾರಾದರೂ ಜೊತೆಗಿದ್ದರೆ ನಡೆಯುತ್ತಾರೆ. ಹೇಳಬೇಕಾದ್ದು ತಲೆಯಲ್ಲಿದೆ ಅಂತ ನಮಗೆ ಗೊತ್ತಾಗುತ್ತೆ, ಬಾಯಿಗೆ ಬರಲ್ಲ. ವ್ಯಾಯಾಮ ಮಾಡಿಸಲು ಹೋದರೆ ಕೊಡವಿಕೊಳ್ಳುತ್ತಾರೆ. ಬರೆಯಲಿ ಅಂತ ಸ್ಲೇಟು ತಂದುಕೊಟ್ಟೆ. ಎಸೆದುಬಿಟ್ಟರು. ಆಮೇಲೆ ತುಂಬ ಹೊತ್ತು ಅತ್ತರು. ಅಮ್ಮ ಪಾಪ ಮೂರು ಹೊತ್ತೂ ತುತ್ತು ಮಾಡಿ ಬಾಯಿಗಿಡುತ್ತಾರೆ. ಬಲವಂತ ಮಾಡಬೇಕಾ, ಬಿಟ್ಟುಬಿಡಬೇಕಾ?
ಹೆಸರು ಬೇಡ, ಚನ್ನರಾಯಪಟ್ಟಣ

ಉತ್ತರ: ಸ್ಲೇಟು ಎಸೆದಿದ್ದಕ್ಕೆ ಅಪ್ಪನ ಮೇಲೆ ಬೇಜಾರು ಮಾಡಿಕೊಳ್ಳಬೇಡಮ್ಮ. ನಾನೂ ಎಸೆದಿದ್ದೆ. ನನ್ನ ಮಗಳು ತಂದಿದ್ದ ಸ್ಲೇಟು ಅದು, ಮರದ ಕಟ್ಟಿನದು. ಸಾವಿರಾರು ಮಕ್ಕಳ ಸ್ಲೇಟು ತಿದ್ದಿದ ಕೈ ನನ್ನದು. ಆ ಕೈ ಹಾಸಿಗೆಯ ಮೇಲೆ ಬೇರೆ ಯಾರದ್ದೋ ಅನ್ನುವ ಹಾಗೆ ಬಿದ್ದಿತ್ತು. ಅದರ ಪಕ್ಕ ಸ್ಲೇಟು ಇಟ್ಟಾಗ ನನಗೆ ಆಗಿದ್ದು ಸಿಟ್ಟಲ್ಲ, ನಾಚಿಕೆ. ಮಾತು ಇದ್ದಿದ್ದರೆ ಹೇಳುತ್ತಿದ್ದೆ. ಇರಲಿಲ್ಲ. ಅದಕ್ಕೇ ಎಸೆದೆ. ನಿಮ್ಮಪ್ಪನದೂ ಬಹುಶಃ ಅದೇ ಇರಬೇಕು.

ಮೊದಲು ಒಂದು ವಿಷಯ ಮನೆಯವರೆಲ್ಲ ತಿಳಿದುಕೊಳ್ಳಿ. ಹೆಚ್ಚಿನ ಜನರಲ್ಲಿ ಮಾತಿನ ಕೆಲಸ ಮೆದುಳಿನ ಎಡಭಾಗದ್ದು. ಬಲಗೈ ಬಲಗಾಲು ನಡೆಸುವುದೂ ಅದೇ ಎಡಭಾಗ. ಅಲ್ಲಿ ರಕ್ತ ಓಡಾಟ ನಿಂತರೆ ಎರಡಕ್ಕೂ ಏಟು ಬೀಳುತ್ತೆ. ಹೀಗೆ ಮಾತು ಸಿಗದೇ ಹೋಗುವುದಕ್ಕೆ ಡಾಕ್ಟರು ಅಫೇಸಿಯಾ ಅನ್ನುತ್ತಾರೆ. ಬುದ್ಧಿ ಹೋಗಿದೆ ಅಂತ ಅರ್ಥ ಅಲ್ಲ. ನಿಮ್ಮಪ್ಪನಿಗೆ ಅಂಗಡಿ ಗೊತ್ತು, ನೀವು ಗೊತ್ತು, ಯಾರು ಎಷ್ಟು ಬಾಕಿ ಕೊಡಬೇಕು ಅನ್ನುವುದೂ ಗೊತ್ತಿರಬಹುದು. ಅವರೆದುರಲ್ಲೇ 'ಅವರಿಗೇನೂ ಗೊತ್ತಾಗಲ್ಲ' ಅಂತ ಬಂದವರ ಹತ್ತಿರ ಮಾತಾಡಬೇಡಿ. ನನ್ನ ಎದುರು ಎಷ್ಟೋ ಜನ ಆಡಿದರು. ಒಂದೊಂದು ಮಾತೂ ನೆನಪಿದೆ.

ಈಗ ಬಲವಂತದ ವಿಷಯ. ಇದಕ್ಕೆ ನನ್ನ ತರಗತಿಯ ಕಥೆ ಹೇಳಲೇಬೇಕು.

1995ರಲ್ಲಿ ನಮ್ಮ ಎಚ್.ಡಿ. ಕೋಟೆಯಲ್ಲೇ ನಲಿ-ಕಲಿ ಅನ್ನುವ, ಚಿಕ್ಕ ಮಕ್ಕಳು ನಲಿಯುತ್ತಾ ಕಲಿಯುವ ಪದ್ಧತಿ ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಯಲ್ಲಿ ಕಲಿಸುವ ಪದ್ಧತಿಯನ್ನು ನೋಡಿಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಅದನ್ನು ನಮ್ಮ ಮಕ್ಕಳಿಗೆ ಒಗ್ಗುವ ಹಾಗೆ ಮಾಡಿಕೊಂಡರು. ಆಮೇಲೆ ಅದು ಇಡೀ ರಾಜ್ಯಕ್ಕೆ ಹೋಯಿತು. ಅದರಲ್ಲಿ ಗೋಡೆ ಮೇಲೆ ಒಂದು ಕಲಿಕಾ ಏಣಿ ಇರುತ್ತೆ. ಮಗು ಒಂದೊಂದೇ ಮೆಟ್ಟಿಲು ಹತ್ತಬೇಕು. ಮಕ್ಕಳು ಗುಂಪಾಗಿ ಕೂರುತ್ತಾರೆ. ಆ ಗುಂಪಿಗೆ ನಾವು ತಟ್ಟೆ ಅನ್ನುತ್ತಿದ್ದೆವು. ಒಂದು ತಟ್ಟೆಯಲ್ಲಿ ಟೀಚರಿನ ಪೂರ್ತಿ ಸಹಾಯ. ಇನ್ನೊಂದರಲ್ಲಿ ಟೀಚರಿನ ಅರ್ಧ ಸಹಾಯ. ಮುಂದಿನದರಲ್ಲಿ ಗೆಳೆಯರ ಸಹಾಯ, ಆಮೇಲೆ ಗೆಳೆಯರ ಅರ್ಧ ಸಹಾಯ, ಅದಾದ ಮೇಲೆ ಸ್ವಂತ ಕಲಿಕೆ. ಹೊಸ ಪಾಠ ಬಂದರೆ ಮಗು ಮತ್ತೆ ಮೊದಲ ತಟ್ಟೆಗೆ ಬರಬಹುದು. ಅದರಲ್ಲಿ ಅವಮಾನ ಇಲ್ಲ. ಬೆಳಗ್ಗೆ ಕನ್ನಡದಲ್ಲಿ ಸ್ವಂತ ಕಲಿಯುವ ಹುಡುಗಿ ಮಧ್ಯಾಹ್ನ ಗಣಿತಕ್ಕೆ ನನ್ನ ಮಗ್ಗುಲಿಗೇ ಬಂದು ಕೂರುತ್ತಿದ್ದಳು.

ವರ್ಷಗಟ್ಟಲೆ ಇದನ್ನು ಮಾಡಿಸಿದೆ. ಇದರೊಳಗೆ ಏನಿದೆ ಅನ್ನುವುದು ನನಗೆ ಕಂಡದ್ದು ಸ್ಟ್ರೋಕ್ ಆದ ಮೇಲೆ.

ಮನೆಗೆ ಬಂದ ಮೊದಲ ತಿಂಗಳು ನಮ್ಮನೆಯವರು ಎಲ್ಲವನ್ನೂ ತಾವೇ ಮಾಡಿದರು. ಊಟ ಮಾಡಿಸೋದು, ತಲೆ ಬಾಚೋದು, ಬ್ಲೌಸು ಹಾಕೋದು. ನಾನು ಒಂದು ಶಬ್ದ ಹುಡುಕುತ್ತಾ ಇದ್ದರೆ ಅವರೇ ಹೇಳಿ ಮುಗಿಸುತ್ತಿದ್ದರು. 'ನೀರಾ? ಫ್ಯಾನಾ? ಬಾತ್‌ರೂಮಾ?' ಅಂತ. ಪ್ರೀತಿಯೇ ಅದು. ಆದರೆ ಪೂರ್ತಿ ಸಹಾಯದ ತಟ್ಟೆಯಲ್ಲೇ ನನ್ನನ್ನು ಕೂರಿಸಿಬಿಟ್ಟಿದ್ದರು. ನಾನು ಅರ್ಧ ಸಹಾಯದ ತಟ್ಟೆಗೆ ಬಂದು ಎಷ್ಟೋ ದಿನ ಆಗಿತ್ತು. ಅದನ್ನು ಹೇಳಲು ಬಾಯಿ ಇರಲಿಲ್ಲ.

ವಾಕ್ ಚಿಕಿತ್ಸೆಯ ಹುಡುಗಿ ಅವರಿಗೊಂದು ಕೆಲಸ ಹೇಳಿದಳು. 'ಸರ್, ಅಮ್ಮ ಮಾತಿಗೆ ತಡಕಾಡಿದಾಗ ಮನಸ್ಸಿನಲ್ಲಿ ಹತ್ತು ಎಣಿಸಿ. ಆಮೇಲೂ ಬರದಿದ್ದರೆ ಮೊದಲ ಅಕ್ಷರ ಮಾತ್ರ ಹೇಳಿ.' ಅವರು ಎಣಿಸುವುದು ನನಗೆ ತುಟಿಯಲ್ಲಿ ಕಾಣುತ್ತಿತ್ತು. ಏಳಕ್ಕೋ ಎಂಟಕ್ಕೋ ಒಂದು ದಿನ 'ನೀರು' ಅಂತ ನಾನೇ ಅಂದೆ. ನೀರು ತರಲು ಎದ್ದವರು ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡರು ಅಂತ ಮಗಳು ಆಮೇಲೆ ಹೇಳಿದಳು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಬಲವಂತವೂ ಬೇಡ, ಬಿಡುವುದೂ ಬೇಡ. ಅಪ್ಪ ಯಾವ ಕೆಲಸಕ್ಕೆ ಯಾವ ತಟ್ಟೆಯಲ್ಲಿದ್ದಾರೆ ನೋಡಿ. ಊಟಕ್ಕೆ ಅವರಿಗೆ ಪೂರ್ತಿ ಸಹಾಯ ಬೇಕಾ? ಎಡಗೈ ಚೆನ್ನಾಗಿದೆ ಅಲ್ವಾ? ಅಂಚು ಎತ್ತರ ಇರುವ ತಟ್ಟೆಯಲ್ಲಿ ಬಡಿಸಿ, ಚಮಚ ಕೊಟ್ಟು, ಅಮ್ಮ ಪಕ್ಕದಲ್ಲಿ ತಮ್ಮ ಊಟ ತಾವು ಮಾಡಲಿ. ನೀರು ಕುಡಿಯುವಾಗ ಕೆಮ್ಮು ಬರುತ್ತಿದ್ದರೆ ಮಾತ್ರ ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ. ನುಂಗುವುದಕ್ಕೂ ಪಾಠ ಬೇಕಾಗುತ್ತೆ, ಅದನ್ನು ಗೊತ್ತಿದ್ದವರೇ ಹೇಳಿಕೊಡಬೇಕು.

ಶರ್ಟು ಹಾಕುವಾಗ ಶಕ್ತಿ ಇಲ್ಲದ ಕೈಯನ್ನು ಮೊದಲು ತೋಳಿಗೆ ತೂರಿಸಿ, ಆಮೇಲೆ ಒಳ್ಳೆ ಕೈ. ಬಿಚ್ಚುವಾಗ ಉಲ್ಟಾ. ಕೋಲು ಹಿಡಿಯುವುದು ಒಳ್ಳೆ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಶಕ್ತಿ ಇಲ್ಲದ ಕಾಲು ಮೊದಲು. ಎಬ್ಬಿಸುವಾಗ ಆ ಬಲಗೈ ಹಿಡಿದು ಎಳೆಯಲೇಬೇಡಿ, ಭುಜದ ಕೀಲು ಸಡಿಲ ಆಗಿರುತ್ತೆ, ನೋವು ಶುರುವಾದರೆ ವ್ಯಾಯಾಮವೇ ನಿಂತುಹೋಗುತ್ತೆ. ಇವೆಲ್ಲ ಸಣ್ಣ ವಿಷಯ ಅನ್ನಿಸಬಹುದು. ನನಗೆ ಒಂದು ಗುಂಡಿ ಹಾಕಲು ಹನ್ನೊಂದು ದಿನ ಬೇಕಾಯಿತು. ಹನ್ನೆರಡನೇ ದಿನ ಬೆಳಗ್ಗೆಯೇ ಎರಡನೇ ಗುಂಡಿ ಆಯಿತು.

ಸ್ಲೇಟನ್ನು ಸದ್ಯಕ್ಕೆ ಎತ್ತಿಡಿ. ಅದು ನನ್ನಂಥವಳ ಸಾಮಾನು. ನಿಮ್ಮಪ್ಪ ಅಂಗಡಿಯವರು. ಅವರ ಪಾಠ ಅಂಗಡಿಯಲ್ಲಿದೆ. ದಿನಾ ಒಂದು ಗಂಟೆ ಅಲ್ಲಿ ಕೂರಿಸಿ. ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ ಮೂರು ಡಬ್ಬ ಮುಂದಿಡಿ. 'ತೊಗರಿಬೇಳೆ ಯಾವುದು?' ಅಂತ ಕೇಳಿ, ತೋರಿಸಲಿ. ಆಮೇಲೆ 'ಇದು ಕಡ...' ಅಂತ ಶುರು ಮಾಡಿ ನಿಲ್ಲಿಸಿ. ಬಂದರೆ ಬಂತು. ಅರ್ಧ ಕೆಜಿ ತೂಗಲಿ, ಎಡಗೈಯಲ್ಲಿ ತುಂಬಲಿ, ಬಲಗೈ ಸುಮ್ನೆ ಕವರಿನ ಮೇಲೆ ಭಾರಕ್ಕೆ ಇರಲಿ. ಆ ಕೈಗೂ ಕೆಲಸ ಇದೆ ಅಂತ ಮೆದುಳಿಗೆ ಗೊತ್ತಾಗಬೇಕು. ಒಂದು ಸಲ ಎರಡು ಸಲ ಅಲ್ಲ, ನೂರಾರು ಸಲ.

ಇನ್ನೊಂದು ಮಾಡಿ ನೋಡಿ. ಅವರು ಹಾಡುತ್ತಿದ್ದ ಭಜನೆ ಯಾವುದಾದರೂ ಇದ್ದರೆ ನೀವು ಶುರು ಮಾಡಿ. ಮಾತು ಬಾರದ ಎಷ್ಟೋ ಜನಕ್ಕೆ ಹಾಡು ಬರುತ್ತೆ. ನನ್ನ ಹೆಸರು ಹೇಳಲು ಬಾರದ ದಿನಗಳಲ್ಲಿ ಶಾಲೆಯ ಬೆಳಗಿನ ಪ್ರಾರ್ಥನೆ ಎರಡು ಸಾಲು ಹಾಡಿದೆ. ಮನೆಯವರೆಲ್ಲ ಓಡಿ ಬಂದರು. ಒಂದು ಎರಡು ಮೂರು ಅಂತ ಎಣಿಸಲೂ ಬರುತ್ತಿತ್ತು. ಹಾಡಿನ ದಾರಿಯಿಂದಲೇ ಮಾತಿಗೆ ಕರೆತರುವ ಚಿಕಿತ್ಸೆಯೂ ಇದೆ. ಇಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಿಮ್ಮೂರಿನಿಂದ ತೀರಾ ದೂರ ಏನಲ್ಲ. ಒಂದು ಸಲ ತೋರಿಸಿಕೊಂಡು ಹೋಗಿ. ಮನೆಯಲ್ಲಿ ಮಾಡಿಸುವುದನ್ನು ನಿಮಗೂ ಕಲಿಸುತ್ತಾರೆ.

ಅಳುವಿನ ಬಗ್ಗೆ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತೆ. ಸೋಮಾರಿತನ, ಹಠ ಅಂತ ಮನೆಯವರಿಗೆ ಕಾಣುವುದು ಎಷ್ಟೋ ಸಲ ಅದೇ. ಕೆಲವರಿಗೆ ಕಾರಣ ಇಲ್ಲದೆ ಅಳು ಬರುವುದೂ ಉಂಟು, ಅದು ಮೆದುಳಿಗೆ ಬಿದ್ದ ಏಟಿನದ್ದೇ. ಎರಡಕ್ಕೂ ಔಷಧಿ ಇದೆ. ಡಾಕ್ಟರ ಹತ್ತಿರ ಇದನ್ನು ಬಾಯಿಬಿಟ್ಟು ಹೇಳಿ. ನಿಮಗೋ ಅಮ್ಮನಿಗೋ ತಡೆಯಲಾರದಷ್ಟು ಆದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ-ಮಾನಸ್ ಅದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಐದು ತಿಂಗಳು ಆಗಿಹೋಯಿತು, ತಡ ಆಯಿತಾ ಅಂತ ನೀವು ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀರಿ. ಬೇಗ ಬೇಗ ಸುಧಾರಿಸುವುದು ಮೊದಲ ಮೂರರಿಂದ ಆರು ತಿಂಗಳಲ್ಲಿ ಅನ್ನುವುದು ನಿಜ. ಆಮೇಲೆ ಬಾಗಿಲು ಮುಚ್ಚುತ್ತೆ ಅನ್ನುವುದು ನಿಜ ಅಲ್ಲ. ನಾನು ಎಡಗೈಯಲ್ಲಿ ಒಂದು ಪೂರ್ತಿ ಪುಟ ಬರೆದದ್ದು ಎರಡನೇ ವರ್ಷದಲ್ಲಿ.

ಮತ್ತೆ ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ನಾನು ತಪ್ಪಿಸುತ್ತಿದ್ದೆ.

ಈ ಪುಟ ಓದುವ ಎಲ್ಲರಿಗೂ ಇದನ್ನು ಹೇಳಿಬಿಡುತ್ತೇನೆ. ಆ ದಿನ ಬೆಳಗ್ಗೆ ಕಾಫಿ ಲೋಟ ನನ್ನ ಕೈಯಿಂದ ಜಾರಿತು. ಸುಸ್ತಿರಬೇಕು ಅಂತ ಮಲಗಿದೆ. ಎರಡು ಗಂಟೆ ಹೋಯಿತು. ಆಮೇಲೆ ಹೋದ ಹತ್ತಿರದ ಕ್ಲಿನಿಕ್ಕಿನಲ್ಲಿ ನಿಶ್ಶಕ್ತಿ ಅಂತ ಗ್ಲೂಕೋಸ್ ಏರಿಸಿದರು. ಇನ್ನೂ ಹೊತ್ತು ಹೋಯಿತು. ರಕ್ತ ಹೆಪ್ಪುಗಟ್ಟಿ ಆಗುವ ಸ್ಟ್ರೋಕಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನನಗೆ ಆ ಹೊತ್ತು ದಾಟಿತ್ತು. ಮುಖ ಒಂದು ಕಡೆ ಸೊಟ್ಟ ಆದರೆ, ಕೈ ಎತ್ತಿದಾಗ ಒಂದು ಕೈ ಕೆಳಗೆ ಜಾರಿದರೆ, ಮಾತು ತೊದಲಿದರೆ, ಮಲಗಿಸಬೇಡಿ. 108ಕ್ಕೆ ಫೋನ್ ಮಾಡಿ. ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ.

ಪ್ರಶ್ನೆ: ಟೀಚರ್, ನನಗೆ 41 ವರ್ಷ. ಮೊಬೈಲ್ ಅಂಗಡಿ ಇಟ್ಟಿದ್ದೆ. ಚೆನ್ನಾಗಿ ನಡೀತಿತ್ತು, ಇನ್ನೊಂದು ಅಂಗಡಿ ಹಾಕಿದೆ, ಎರಡೂ ಮುಳುಗಿದವು. ಒಂದೂವರೆ ವರ್ಷ ಮನೆಯಲ್ಲೇ ಇದ್ದೆ. ಈಗ ಬೇರೆಯವರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಮಾಲೀಕ ನನಗಿಂತ ಹತ್ತು ವರ್ಷ ಚಿಕ್ಕವನು. ನನ್ನ ಜೊತೆಯವರೆಲ್ಲ ಎಲ್ಲೋ ಹೋಗಿಬಿಟ್ಟರು. ಸಾಲ ಎಷ್ಟಿದೆ ಅಂತ ಹೆಂಡತಿಗೆ ಪೂರ್ತಿ ಹೇಳಿಲ್ಲ. ಎಲ್ಲಿಂದ ಶುರು ಮಾಡಲಿ?
ಒಬ್ಬ ಓದುಗ, ಗದಗ

ಉತ್ತರ: ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಹಾಡಿಯಿಂದ, ಅಂದರೆ ಆದಿವಾಸಿಗಳ ಕೇರಿಯಿಂದ, ಬರುತ್ತಿದ್ದ ಜೇನುಕುರುಬರ ಮಗು. ಕಾಫಿ ಕುಯ್ಲಿನ ಕಾಲ ಬಂದರೆ ಅಪ್ಪ ಅಮ್ಮ ಕೂಲಿಗೆ ಕೊಡಗಿಗೆ ಹೋಗುವರು. ಇವನೂ ಹೋಗುವನು. ಎರಡು ತಿಂಗಳು ಕಾಣುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಮಕ್ಕಳು ತಿರುಗಿ ಬಂದರೆ ತರಗತಿ ಪಾಠ ಹತ್ತು ದಾಟಿರುತ್ತಿತ್ತು. ಅವರಿಗೆ ಏನೂ ತಿಳಿಯುತ್ತಿರಲಿಲ್ಲ. ಒಂದು ವಾರ ಕೂತು, ಆಮೇಲೆ ಬರುವುದನ್ನೇ ಬಿಡುತ್ತಿದ್ದರು. ಅದರಲ್ಲಿ ತಪ್ಪು ಮಗುವಿನದ್ದಲ್ಲ ಅಂತ ನನಗೆ ಆಗ ಹೊಳೆಯಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ.

ನಲಿ-ಕಲಿ ಬಂದ ಮೇಲೆ ಇದು ಬದಲಾಯಿತು. ಏಣಿಯ ಮೆಟ್ಟಿಲಿಗೆ ತಕ್ಕ ಪಾಠದ ಕಾರ್ಡು ಇರುತ್ತೆ. ಪ್ರತಿ ಕಾರ್ಡಿನ ಮೇಲೂ ಒಂದು ಚಿತ್ರ ಇರುತ್ತೆ, ಪ್ರಾಣಿಯದೋ ಹಕ್ಕಿಯದೋ. ಅದೇ ಚಿತ್ರ ಏಣಿಯ ಮೇಲೂ ಇರುತ್ತೆ. ಆ ಹುಡುಗ ಎರಡು ತಿಂಗಳು ಬಿಟ್ಟು ಬಂದವನು ಸೀದಾ ಏಣಿಯ ಮುಂದೆ ನಿಂತ. ಬೆರಳಿಟ್ಟು ಹುಡುಕಿದ. ತಾನು ಬಿಟ್ಟುಹೋದ ಮೆಟ್ಟಿಲು ಸಿಕ್ಕಿತು. ಟ್ರೇಯಿಂದ ಆ ಚಿತ್ರದ ಕಾರ್ಡು ಎತ್ತಿಕೊಂಡು ಹೋಗಿ ಕೂತ. 'ಎಲ್ಲರೂ ಎಲ್ಲಿದ್ದಾರೆ' ಅಂತ ಅವನು ಕೇಳಲೇ ಇಲ್ಲ. ಅವನ ಮೆಟ್ಟಿಲು ಅವನಿಗಾಗಿ ಅಲ್ಲೇ ಇತ್ತು.

ನೀವೂ ಹಾಗೇ ಹುಡುಕಬೇಕು. ಎರಡನೇ ಅಂಗಡಿ ಹಾಕಿದ ಮೇಲೆ ಎರಡೂ ಮುಳುಗಿದವು ಅಂತ ಬರೆದಿದ್ದೀರಿ. ನನಗೆ ಅದಕ್ಕಿಂತ ಹಿಂದಕ್ಕೆ ಹೋಗಿ ನೋಡಬೇಕು ಅನ್ನಿಸುತ್ತೆ. ದಿನದ ಲೆಕ್ಕ ಬರೆಯುವುದನ್ನು ಎಂದು ನಿಲ್ಲಿಸಿದಿರಿ? ಮೊದಲ ಅಂಗಡಿ ಶುರುವಾದಾಗ ರಾತ್ರಿ ಗಲ್ಲಾ ಎಣಿಸಿ ಬರೆಯುತ್ತಿದ್ದಿರಬೇಕು. ದುಡ್ಡು ಜಾಸ್ತಿ ಬರತೊಡಗಿದ ಮೇಲೆ 'ಅಂದಾಜು ಗೊತ್ತಲ್ಲ' ಅಂತ ಬಿಟ್ಟಿರಬೇಕು. ಬಿಟ್ಟ ಮೆಟ್ಟಿಲು ಅದೇ ಆಗಿದ್ದರೆ ಅಲ್ಲಿಂದಲೇ ಶುರು ಮಾಡಿ. ನೂರು ಪುಟದ ನೋಟ್‌ಬುಕ್ ತನ್ನಿ. ಬಂದದ್ದು, ಹೋದದ್ದು, ಕೊಡಬೇಕಾದದ್ದು, ಮೂರು ಕಾಲಂ ಹಾಕಿ. ಟೀ ಕುಡಿದ ಹತ್ತು ರೂಪಾಯಿಯನ್ನೂ ಬರೆಯಿರಿ. ರಾತ್ರಿ ಮಲಗುವ ಮುಂಚೆ ಬರೆಯಿರಿ, ಬೆಳಗ್ಗೆಗೆ ಇಡಬೇಡಿ.

ಮೂರನೇ ಕಾಲಂನ ಮೊದಲ ಪುಟ ಹೆಂಡತಿಯ ಎದುರು ಕೂತು ಬರೆಯಿರಿ. ಒಂದೂ ಬಿಡದೆ. ಅವರು ಅಳಬಹುದು, ಬಯ್ಯಬಹುದು, ಒಂದು ವಾರ ಮಾತು ಬಿಡಬಹುದು. ಅದೆಲ್ಲ ನ್ಯಾಯವೇ. ನನಗೆ ಮಾತು ಹೋದಾಗ ಒಂದು ಕಂಡುಕೊಂಡೆ. ಮನೆಯವರನ್ನು ಜಾಸ್ತಿ ಹೆದರಿಸುವುದು ಕೆಟ್ಟ ಸುದ್ದಿಯಲ್ಲ. ಒಳಗೆ ಏನೋ ಇದೆ, ಹೊರಗೆ ಬರುತ್ತಿಲ್ಲ ಅನ್ನುವುದೇ ಅವರನ್ನು ತಿನ್ನುತ್ತೆ. ನನಗೆ ಹೇಳಲು ಆಗುತ್ತಿರಲಿಲ್ಲ. ನಿಮಗೆ ಆಗುತ್ತೆ.

ಮಾಲೀಕ ಚಿಕ್ಕವನು ಅನ್ನುವುದು ನಿಮ್ಮನ್ನು ಚುಚ್ಚುತ್ತಿದೆ. ಅರ್ಥ ಆಗುತ್ತೆ. ನನಗೆ ಮತ್ತೆ ಮಾತು ಕಲಿಸಿದ ಹುಡುಗಿಗೆ 23 ವರ್ಷ. ನನ್ನ ಮಗಳಿಗಿಂತ ಚಿಕ್ಕವಳು. ಮೊದಲ ವಾರ ಅವಳ ಮುಖ ನೋಡಲು ನನಗೆ ಆಗಲಿಲ್ಲ. ಈಗ ಅವಳ ಮದುವೆಯ ಫೋಟೋ ನಮ್ಮ ದೇವರ ಕೋಣೆಯ ಪಕ್ಕದ ಗೋಡೆಯಲ್ಲಿದೆ. ಆ ಹುಡುಗನಿಗೆ ಈಗಿನ ವ್ಯಾಪಾರದಲ್ಲಿ ಗೊತ್ತಿರುವುದು ನಿಮಗೆ ಗೊತ್ತಿಲ್ಲದ್ದು ಏನಾದರೂ ಇದ್ದೇ ಇರುತ್ತೆ. ವಾರಕ್ಕೆ ಒಂದು ಪ್ರಶ್ನೆ ಕೇಳಿ ಅವನನ್ನು.

ಪ್ರಶ್ನೆ: ಮೇಡಂ, ನಮ್ಮ ಅವ್ವನಿಗೆ 55 ವರ್ಷ. ಶಾಲೆಗೆ ಹೋದವರಲ್ಲ. ಶಕ್ತಿ ಯೋಜನೆ ಬಂದ ಮೇಲೆ ತವರಿಗೆ, ಅಕ್ಕನ ಮನೆಗೆ, ದವಾಖಾನೆಗೆ ಒಬ್ಬರೇ ಬಸ್ಸಿನಲ್ಲಿ ಹೋಗುತ್ತಾರೆ. ಖುಷಿಯಾಗಿದ್ದಾರೆ. ಆದರೆ ಬೋರ್ಡು ಓದಲು ಬರದೆ ಪ್ರತಿ ಸಲ ಯಾರನ್ನಾದರೂ ಕೇಳಬೇಕು. ಒಮ್ಮೆ ತಪ್ಪು ಬಸ್ಸು ಹತ್ತಿದರು. 'ನನಗೂ ಅಕ್ಷರ ಕಲಿಸು' ಅಂತ ಕೇಳಿದ್ದಾರೆ. ಅ ಆ ಇ ಈ ಶುರು ಮಾಡಿದೆ, ಒಂದೇ ವಾರಕ್ಕೆ ಬೇಸತ್ತರು.
ಒಬ್ಬ ಮಗಳು, ಮಾನ್ವಿ

ಉತ್ತರ: ಅವ್ವನಿಗೆ ನನ್ನ ನಮಸ್ಕಾರ ಹೇಳು. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ ಟಿಕೆಟ್ ದುಡ್ಡು ಬೇಡ ಅಂತ ಆದ ಮೇಲೆ ಊರೂರಿನಲ್ಲಿ ಎಷ್ಟೋ ಅವ್ವಂದಿರು ಹೀಗೆ ಒಬ್ಬರೇ ಹೊರಟಿದ್ದಾರೆ. ಹೊರಟವರಿಗೆ ಓದಬೇಕು ಅನ್ನಿಸುವುದು ಎಷ್ಟು ಸಹಜ!

ಅ ಆ ಇ ಈ ಬಿಟ್ಟುಬಿಡು. ನಾವು ಒಂದನೇ ತರಗತಿಯಲ್ಲೂ ಅಲ್ಲಿಂದ ಶುರು ಮಾಡುತ್ತಿರಲಿಲ್ಲ. ನಮ್ಮ ಮಕ್ಕಳ ಮೊದಲ ಐದು ಅಕ್ಷರ ರ, ಗ, ಸ, ದ, ಅ. ಕೈಗೆ ಸುಲಭ, ಒಂದರ ಆಕಾರ ಇನ್ನೊಂದಕ್ಕೆ ಹತ್ತಿರ. ಮುಖ್ಯವಾದದ್ದು ಬೇರೆ. ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಲ್ಲ ಆಗುತ್ತೆ. ಮೊದಲ ವಾರವೇ ಮಗು ಶಬ್ದ ಓದುತ್ತೆ. ಅ ಆ ಇ ಈ ಕಲಿತು ಮುಗಿಸಿದರೂ ಓದಲು ಒಂದು ಶಬ್ದ ಸಿಗುವುದು ಕಷ್ಟ. ಅವ್ವ ಬೇಸತ್ತದ್ದರಲ್ಲಿ ಏನು ತಪ್ಪು?

ಎಡಗೈಯಲ್ಲಿ ನಾನು ಮೊದಲು ಬರೆದ ಅಕ್ಷರವೂ 'ರ'. ಒಂದು ಸೊನ್ನೆ, ಮೇಲೊಂದು ತಲೆಕಟ್ಟು. ಸೊನ್ನೆ ಸರಿಯಾಗಿ ಮುಚ್ಚಲು ನಾಲ್ಕು ದಿನ ಹಿಡಿಯಿತು.

ಎರಡನೇ ಗುಂಪು ಜ, ವ, ಮ, ಬ, ನ. ಈಗ ನಿಮ್ಮ ಬಸ್‌ಸ್ಟ್ಯಾಂಡಿಗೆ ಬಾ. ಸಿರವಾರ ಅನ್ನುವ ಬೋರ್ಡಿನಲ್ಲಿ ಏನಿದೆ? ಸ ಇದೆ, ರ ಎರಡು ಸಲ ಇದೆ, ನಡುವೆ ವ. ಸಿ ಮತ್ತು ವಾ ಗುಣಿತ ಎರಡನ್ನೇ ಹೇಳಿಕೊಟ್ಟರೆ ಇಡೀ ಊರು ಓದಿಬಿಡುತ್ತಾರೆ. ರಾಯಚೂರಿನ ಶುರುವಿಗೂ ಕೊನೆಗೂ ರ ಇದೆ. ಸಿಂಧನೂರಿನಲ್ಲಿ ಸ, ನ, ರ. ನಿಮ್ಮ ಮಾನ್ವಿಯಲ್ಲಿ ಮ, ನ, ವ ಮೂರೂ ಎರಡನೇ ಗುಂಪಿನವೇ, ಒತ್ತಕ್ಷರ ಒಂದನ್ನು ಆಕಾರ ನೋಡಿ ನೆನಪಿಟ್ಟುಕೊಳ್ಳಲಿ. ಮನೆಯಲ್ಲಿ ರಟ್ಟಿನ ಮೇಲೆ ದಪ್ಪಗೆ ನಾಲ್ಕು ಊರಿನ ಬೋರ್ಡು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸು. ರೊಟ್ಟಿ ತಟ್ಟುವಾಗ ಕಣ್ಣಿಗೆ ಬೀಳಲಿ. ವಾರಕ್ಕೊಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಸುಮ್ನೆ ಅರ್ಧ ಗಂಟೆ ಕೂತು ಬರುವ ಬಸ್ಸುಗಳನ್ನು ಓದಿ, ಇಬ್ಬರೂ. ಎಲ್ಲಿಗೂ ಹೋಗಬೇಕಿಲ್ಲ.

ಓಣಿಯಲ್ಲಿ ಅವ್ವನ ಹಾಗೇ ಇರುವ ಇನ್ನೊಬ್ಬರು ಸಿಕ್ಕರೆ ಜೊತೆಗೆ ಕೂರಿಸು. ಮಗಳ ಹತ್ತಿರ ತಪ್ಪಿದರೆ ಒಂದು ಥರ, ಗೆಳತಿಯ ಹತ್ತಿರ ತಪ್ಪಿದರೆ ಇನ್ನೊಂದು ಥರ. ವಾಕ್ ಚಿಕಿತ್ಸೆಗೆ ಹೋಗುತ್ತಿದ್ದಾಗ ಬೆಂಚಿನ ಮೇಲೆ ನಂಜನಗೂಡಿನ ಒಬ್ಬ ಹೆಂಗಸು ನನಗೆ ಗೆಳತಿಯಾದಳು. ಅವಳಿಗೂ ನನ್ನ ಹಾಗೇ ಆಗಿತ್ತು. ಹಣ್ಣಿನ ಹೆಸರು ಹೇಳುವ ಆಟ ಆಡುತ್ತಿದ್ದೆವು. ಬಾಳೆಹಣ್ಣಿಗೆ ಅವಳು 'ಬಸವ' ಅಂದಳು, ನಾನು 'ಬಾಗಿಲು' ಅಂದೆ. ಇಬ್ಬರಿಗೂ ತಪ್ಪು ಅಂತ ಗೊತ್ತಾಯಿತು, ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆ ಕಾಯಿಲೆ ಬಂದ ಮೇಲೆ ನಾನು ಅಷ್ಟು ನಕ್ಕದ್ದು ಅದೇ ಮೊದಲು.

ಪ್ರಶ್ನೆ: ಮ್ಯಾಮ್, ನನಗೆ 29. ತಪ್ಪು ಮಾಡಿದರೆ ಸಾರಿ ಕೇಳಲು ಬರಲ್ಲ. ಬಾಯಿ ತೆರೆದರೆ ಕಾರಣಗಳೇ ಬರುತ್ತವೆ. ಅಣ್ಣನ ಜೊತೆ ಎಂಟು ತಿಂಗಳಿಂದ ಮಾತಿಲ್ಲ. ತಪ್ಪು ನನ್ನದೇ.
ಹೆಸರು ಬೇಡ, ಬೆಂಗಳೂರು

ಉತ್ತರ: ತಪ್ಪು ನನ್ನದೇ ಅಂತ ಎರಡು ಶಬ್ದದಲ್ಲಿ ನನಗೆ ಬರೆದಿದ್ದೀರಲ್ಲ, ಅದನ್ನೇ ಅಣ್ಣನಿಗೆ ಹೇಳಿ. ಮುಂದಿನ ವಾಕ್ಯ 'ಆದರೆ' ಅಂತ ಶುರುವಾಗುವ ಹಾಗಿದ್ದರೆ ಅಲ್ಲೇ ನಿಲ್ಲಿಸಿ. ನಮ್ಮ ತರಗತಿಯಲ್ಲಿ ಒಬ್ಬರ ಬಳಪ ಇನ್ನೊಬ್ಬರು ಮುರಿದರೆ ಮೊದಲು ತನ್ನ ಬಳಪ ಕೊಡಬೇಕು, ಮಾತು ಆಮೇಲೆ. ಅಣ್ಣನಿಂದ ನೀವು ತೆಗೆದುಕೊಂಡದ್ದು ಏನಾದರೂ ನಿಮ್ಮ ಹತ್ತಿರ ಇದ್ದರೆ, ದುಡ್ಡಾಗಲಿ, ಬೈಕ್ ಆಗಲಿ, ಅದನ್ನು ಕೊಟ್ಟು ಬಂದು ಮಾತಾಡಿ. ಮೆಸೇಜ್ ಬೇಡ. ಮುಖ ನೋಡಿ ಹೇಳಿ.

ಪ್ರಶ್ನೆ: ನಮಸ್ಕಾರ. ನೀವು ಈಗ ಏನು ಕಲಿಯುತ್ತಿದ್ದೀರಿ? ಸುಮ್ನೆ ತಿಳಿದುಕೊಳ್ಳಲು ಕೇಳಿದೆ.
ಓದುಗಳು, ಸಾಗರ

ಉತ್ತರ: ಎರಡು ಕಲಿಯುತ್ತಿದ್ದೇನೆ. ಒಂದು ಫೋನಿನಲ್ಲಿ ಮಾತಾಡುವುದು. ಎದುರಿಗೆ ಮುಖ ಇದ್ದರೆ ನನಗೆ ಶಬ್ದ ಬೇಗ ಸಿಗುತ್ತೆ, ಫೋನಿನಲ್ಲಿ ಕಷ್ಟ. ಚಾಕು ಅನ್ನಲು ಹೋಗಿ ಚಮಚ ಅನ್ನುವುದು ಇನ್ನೂ ಇದೆ. ಮೊದಲು ಗಾಬರಿಯಾಗಿ ಫೋನ್ ಇಟ್ಟುಬಿಡುತ್ತಿದ್ದೆ. ಈಗ 'ಸ್ವಲ್ಪ ತಾಳಿ, ನನಗೆ ಶಬ್ದ ಬರಲು ಹೊತ್ತಾಗುತ್ತೆ' ಅಂತ ಮೊದಲೇ ಹೇಳುತ್ತೇನೆ. ಆ ಒಂದು ವಾಕ್ಯ ಕಲಿಯಲು ಐದು ವರ್ಷ ಬೇಕಾಯಿತು. ಗ್ಯಾಸ್ ಬುಕ್ ಮಾಡುವವರು, ಬ್ಯಾಂಕಿನವರು, ಎಲ್ಲರೂ ತಾಳುತ್ತಾರೆ. ಕೇಳದೆ ಇದ್ದಾಗ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಇನ್ನೊಂದು ಎಡಗೈಯಲ್ಲಿ ರಂಗೋಲಿ. ಅಕ್ಷರ ಬಂದರೂ ರಂಗೋಲಿ ಬಂದಿರಲಿಲ್ಲ. ಬೆರಳ ಸಂದಿಯಿಂದ ಪುಡಿ ಒಂದೇ ಸಮ ಬೀಳಬೇಕಲ್ಲ, ಎಡಗೈಗೆ ಆ ಹದ ಗೊತ್ತಿಲ್ಲ. ಎದುರು ಮನೆಯಲ್ಲಿ ನಾಲ್ಕನೇ ತರಗತಿಯ ಹುಡುಗಿ ಇದ್ದಾಳೆ. ಬೆಳಗ್ಗೆ ಶಾಲೆಗೆ ಹೋಗುವ ಮುಂಚೆ ಬಂದು ಚುಕ್ಕಿ ಇಟ್ಟುಕೊಡುತ್ತಿದ್ದಳು, ನಾನು ಗೆರೆ ಎಳೆಯುತ್ತಿದ್ದೆ. ಹೋದ ತಿಂಗಳು ಐದು ಚುಕ್ಕಿಯದು ಮುಗಿಯಿತು. ಮೊನ್ನೆ ಏಳು ಚುಕ್ಕಿಗೆ ಹೋದೆವು. ಒಂದು ಮೂಲೆ ಕೂಡಲಿಲ್ಲ. ಅವಳು ಅಳಿಸಲು ಕೈ ಚಾಚಿದಳು, ಆಮೇಲೆ ಏನನ್ನಿಸಿತೋ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. 'ಅಜ್ಜಿ, ನೀವೇ ನೋಡಿ ಎಲ್ಲಿ ತಪ್ಪಿದೆ ಅಂತ' ಅಂದಳು. ಮೂರನೇ ಚುಕ್ಕಿಯ ಹತ್ತಿರ ತಪ್ಪಿತ್ತು. ಅಲ್ಲಿಂದ ಅಳಿಸಿದ್ದೇನೆ. ನಾಳೆ ಬರುತ್ತಾಳೆ.